ಹಿಂದಿನ ಗಾಲಿಯ ಗಾಳಿ

ನೆಂಟರೆಲ್ಲ ಹೊರಟುಹೋದ ಮರುದಿನ ಮುಂಜಾನೆ ಮನೆಯಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಬಾಡಿಗೆಗೆ ತಂದ ಪಾತ್ರೆಗಳು ವಾಪಸಾಗಿದ್ದವು, ಅಂಗಳದ ಶಾಮಿಯಾನ ಇಳಿದಿತ್ತು. ಹಾಲಿನವನು ಎಂದಿನ ಹೊತ್ತಿಗೆ ಬಂದು ಎಂದಿನಷ್ಟೇ ಹಾಲು ಹಾಕಿದ. ಇನ್ನು ಮುಂದೆ ಎಷ್ಟು ಎಂದು ಕೇಳಲು ಬಾಯಿ ಬಾರದೆ ಕ್ಯಾನಿನ ಮುಚ್ಚಳ ಒತ್ತಿಕೊಂಡು ಹೋದ. ಶಾಂಭವಿ ಹಾಲನ್ನು ಒಲೆಯ ಮೇಲಿಟ್ಟು, ಉಕ್ಕುವುದರೊಳಗೆ ಒಮ್ಮೆ ನೋಡಿ ಬರೋಣವೆಂದು ಕಟ್ಟೆಯ ಪಕ್ಕ ನಿಂತಿದ್ದ ಗಾಡಿಯ ಹತ್ತಿರ ಹೋದಳು. ಕುಕ್ಕರುಗಾಲಿನಲ್ಲಿ ಕೂತು ಹಿಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ನಿನ್ನೆಗಿಂತ ಮೆತ್ತಗಾಗಿತ್ತು.

ಆ ಗಾಲಿಯೊಳಗೆ ಇದ್ದದ್ದು ಅವಳ ಗಂಡ ಈರೇಶ ತನ್ನ ಕಾಲಿನಿಂದ ಪಂಪು ಒತ್ತಿ ತುಂಬಿದ ಗಾಳಿ. ಈರೇಶನನ್ನು ಮಣ್ಣು ಮಾಡಿಯಾಗಿತ್ತು. ರಾತ್ರಿ ಮಲಗಿದವನು ಮುಂಜಾನೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ಇಷ್ಟು ಸಣ್ಣ ವಯಸ್ಸಿನವನ ಹೃದಯ ಹಾಗೆ ನಿಲ್ಲುವುದುಂಟೇ ಎಂದು ಬಂದವರೆಲ್ಲ ಅವಳನ್ನೇ ಕೇಳಿದರು. ಅವಳು ಅಳಲಿಲ್ಲ. ಧಾರವಾಡದಲ್ಲಿ ಎಂ.ಎ. ಮಾಡಿದ ಹುಡುಗಿ, ಓದಿದವರ ಕಣ್ಣಲ್ಲಿ ನೀರು ಬರುವುದಿಲ್ಲ ಎಂದು ಹೆಂಗಸರು ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. ಭಾನುವಾರ ಬಂದು ತವರಿಗೆ ಕರೆದೊಯ್ಯುತ್ತೇನೆ ಎಂದು ಅವಳ ಅಪ್ಪ ಹೇಳಿ ಹೋಗಿದ್ದ. ಅತ್ತೆ ಸಾವಿತ್ರೆವ್ವ ಅದಕ್ಕೆ ಹೂಂ ಎಂದಷ್ಟೇ ಅಂದಿದ್ದಳು.

ಈರೇಶನಿಗೆ ಮೊಬೈಲ್ ಟವರುಗಳನ್ನು ನೋಡಿಕೊಳ್ಳುವ ಕೆಲಸ. ಕುಂದಗೋಳದ ಎರೆಹೊಲಗಳ ನಡುವೆ, ಕಲಘಟಗಿಯ ಕಾಡಂಚಿನಲ್ಲಿ, ದಾರಿ ಮುಗಿದ ಮೇಲೂ ಒಂದಷ್ಟು ದೂರ ಹೋಗಬೇಕಾದ ಜಾಗಗಳು. ಅದಕ್ಕೆಂದೇ ಈ ಅಡ್ವೆಂಚರ್ ಗಾಡಿ ಕೊಂಡಿದ್ದ. ನಿಂತರೆ ಎದೆಮಟ್ಟ, ಮುಂದಿನ ಗಾಲಿ ದೊಡ್ಡದು, ಹಿಂದಿನದು ಸಣ್ಣದು. ಸಾವಿತ್ರೆವ್ವ ಅದನ್ನು ಕುದುರೆ ಎಂದೇ ಕರೆಯುತ್ತಿದ್ದಳು. ಟೈರಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡು ಮಗ ಗಾಡಿ ತಳ್ಳುತ್ತ ಬಂದರೆ, ಕುದುರೆಯ ಮೇಲೆ ನೀನು ಕೂರಬೇಕೋ ನಿನ್ನ ಮೇಲೆ ಕುದುರೆ ಕೂರಬೇಕೋ ಎಂದು ಕಾಡುತ್ತಿದ್ದಳು.

ಮುಳ್ಳಿಗೆ ಪಂಚರ್ ಅಂಗಡಿ ಇತ್ತು. ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದಿಗೆ ಮದ್ದಿರಲಿಲ್ಲ. ಗಾಡಿ ಸ್ವಲ್ಪ ಓಟ ಹಿಡಿದರೆ ಸಾಕು, ಕಿವಿಯೊಳಗೆ ಕಾಳು ಒಕ್ಕುವ ರಾಶಿ ಮೆಶಿನ್ನು ಸುರುವಾದ ಹಾಗೆ ಎನ್ನುತ್ತಿದ್ದ ಈರೇಶ. ಕಿವಿಗೆ ಅರಳೆ ತುರುಕಿ ನೋಡಿದ. ಮುಖದ ಗಾಜಿನ ಅಂಚಿಗೆ ಟೇಪು ಹಚ್ಚಿ ನೋಡಿದ. ಒಡೆದ ನೀರಿನ ಡ್ರಮ್ಮಿನಿಂದ ಪ್ಲಾಸ್ಟಿಕ್ಕು ಕತ್ತರಿಸಿ ಗಾಡಿಯ ಮುಂದಿನ ಗಾಜನ್ನು ಎತ್ತರಿಸಿದ. ಅದರಿಂದ ಸದ್ದು ಇನ್ನಷ್ಟು ಹೆಚ್ಚಿತು.

ಹಿಂದೆ ಕೂರುವ ಶಾಂಭವಿಗೆ ಮಾತ್ರ ಆ ಸದ್ದಿನಿಂದ ಉಪಕಾರವೇ ಆಗಿತ್ತು. ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು ಅವನ ಬೆನ್ನ ಹಿಂದೆ ಕೂತರೆ ಬಾಯಿ ಬಿಚ್ಚುತ್ತಿದ್ದಳು. ಅವನಿಗೆ ಕೇಳಿಸದು ಎಂಬ ಧೈರ್ಯ. ಅವನ ಗೊರಕೆ, ಅತ್ತೆಯ ಸಾರಿನ ಉಪ್ಪು, ಎದುರಿಗೆ ಕೂತು ಹೇಳಲಾಗದ ಪ್ರೀತಿ, ಎಲ್ಲವನ್ನೂ ಗಾಳಿಗೆ ಹೇಳಿ ಹಗುರಾಗುತ್ತಿದ್ದಳು. ಏನೋ ಗುನುಗಿದಂತಾಗಿ ಅವನು ಅರ್ಧ ತಲೆ ತಿರುಗಿಸಿ "ಏನಂದಿ?" ಎನ್ನುತ್ತಿದ್ದ. "ಏನಿಲ್ಲ" ಎನ್ನುತ್ತಿದ್ದಳು ಅವಳು.

ಒಮ್ಮೆ ಚಳಿಯಲ್ಲಿ, ಕೈ ಬೆಚ್ಚಗಾಗಲೆಂದು ಅವಳು ಎರಡೂ ಅಂಗೈಗಳನ್ನು ಅವನ ಹೆಲ್ಮೆಟ್ಟಿನ ಕೆಳಗೆ ಕುತ್ತಿಗೆಗೆ ಒತ್ತಿಟ್ಟಳು. ಅವನು ಓಡುವ ಗಾಡಿಯ ಮೇಲಿಂದಲೇ ಕೂಗಿದ, ಅಲ್ಲೇ ಹಿಡಿ, ತೆಗೆಯಬೇಡ ಎಂದು. ಗಾಳಿ ನುಗ್ಗುತ್ತಿದ್ದದ್ದು ಮೇಲಿನಿಂದಲ್ಲ, ಗದ್ದದ ಕೆಳಗಿನ ಸಂದಿನಿಂದ. ಮನೆಗೆ ಬಂದವನೇ ಅವ್ವನ ಮಡಿಲಿಗೆ ಹೆಲ್ಮೆಟ್ ಹಾಕಿದ. ಸಾವಿತ್ರೆವ್ವ ಕೌದಿ ಹೊಲಿಯುವುದರಲ್ಲಿ ಊರಿಗೇ ಹೆಸರಾದವಳು. ಹಳೆಯ ಸೀರೆಯ ತುಂಡುಗಳನ್ನು ಪದರು ಪದರಾಗಿಸಿ, ಒತ್ತೊತ್ತಾಗಿ ಹೊಲಿದು, ಹೆಲ್ಮೆಟ್ಟಿನ ಕೆಳಗಿನ ಅಂಚಿಗೆ ಕೊರಳಪಟ್ಟಿ ಕೂರಿಸಿಕೊಟ್ಟಳು. ಕೂಸಿನ ತಲೆಗೆ ಕುಂಚಿಗಿ ಹೊಲಿದ ಹಾಗಾಯಿತು ಎಂದು ನಕ್ಕಳು.

ಆ ಪಟ್ಟಿ ಕಟ್ಟಿಕೊಂಡು ಗಂಡ ಹೆಂಡತಿ ಮೊದಲ ಸಲ ಹೋದದ್ದು ಕಲಘಟಗಿ ಕಡೆಗೆ. ಅದೇ ಕೊನೆಯ ಸಲವೂ ಆಯಿತು. ಕಲಘಟಗಿಯಲ್ಲೇ ಇದ್ದು ಈರೇಶನ ಜೊತೆ ಆ ಸೀಮೆಯ ಟವರುಗಳನ್ನು ನೋಡುವ ಪ್ರತಾಪ ಅವನ ಗೆಳೆಯ. ಅವನದೂ ಅಂಥದೇ ಗಾಡಿ. ಮೂವರೂ ಕಾಡುದಾರಿಯಲ್ಲಿದ್ದಾಗ ಈರೇಶನ ಹಿಂದಿನ ಟ್ಯೂಬು ಗಾಳಿ ತುಂಬುವ ವಾಲಿನ ಬುಡಕ್ಕೇ ಹರಿಯಿತು. ಅಲ್ಲಿ ತೇಪೆ ನಿಲ್ಲುವುದಿಲ್ಲ. ಪ್ರತಾಪನ ಚೀಲದಲ್ಲಿದ್ದದ್ದು ಮುಂದಿನ ದೊಡ್ಡ ಗಾಲಿಯ ಟ್ಯೂಬು. ಇಂಥ ಗಾಡಿಯವರು ಅಡವಿಗೆ ಹೋಗುವಾಗ ಅದೊಂದನ್ನೇ ಒಯ್ಯುವುದು ರೂಢಿ, ಅಡಚಣೆಯಲ್ಲಿ ಹಿಂದಿನ ಗಾಲಿಗೂ ಮಡಿಚಿ ತುರುಕಬಹುದು. ವಾರದೊಳಗೆ ವಾಪಸ್ ಕೊಡುತ್ತೇನೆ ಎಂದು ಈರೇಶ ಅದನ್ನು ಇಸಿದುಕೊಂಡು ಗಾಲಿಗೆ ಹಾಕಿ, ತಾನೇ ಪಂಪು ಒತ್ತಿ ಗಾಳಿ ತುಂಬಿದ. ಐವತ್ತರ ಮೇಲೆ ಓಡಿಸಬೇಡ ಎಂದು ಪ್ರತಾಪ ಎಚ್ಚರಿಸಿದ.

ಐವತ್ತರಲ್ಲಿ ಬಂದರು. ಊರಿನ ಕ್ರಾಸು ಹತ್ತಿರವಾಗುವಾಗ ಹೊಲಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ಶಾಂಭವಿ ಅವನ ಬೆನ್ನಿಗೆ ಹೇಳಿದಳು: "ಈಗs ಮನಿ ಬ್ಯಾಡ. ಇನ್ನಷ್ಟು ದೂರ ಹೋಗೂಣು. ಮುದುಕಿ ಆಗೂತನಕ ಹಿಂಗ ನಿನ್ನ ಹಿಂದ ಕುಂತಿರಬೇಕು ನಾ."

ಅವನು ಕ್ರಾಸಿನಲ್ಲಿ ತಿರುಗಲಿಲ್ಲ. ನೇರ ಗುಡಗೇರಿಯವರೆಗೆ ಹೋಗಿ ಸ್ಟೇಷನ್ನಿನ ಹತ್ತಿರ ಚಹಾ ಕುಡಿಸಿದ. ಟ್ಯೂಬು ತಡೆಯುತ್ತದೋ ಇಲ್ಲವೋ ನೋಡಬೇಕಿತ್ತು ಎಂದ. ಮನೆಗೆ ಬಂದ ಮೇಲೆ, ಹೊಸ ಪಟ್ಟಿಯಿಂದ ತನ್ನ ಮಾತೇನಾದರೂ ಕೇಳಿಸುತ್ತದೆಯೇ ಎಂದು ಅವಳು ವಿಚಾರಿಸಿದಳು. "ಏನೂ ಕೇಳಸಂಗಿಲ್ಲ. ಬರೇ ಗಾಳಿ" ಎಂದ, ಗೂಟಕ್ಕೆ ಹೆಲ್ಮೆಟ್ ಹಾಕುತ್ತ, ಆಚೆ ಮುಖ ಮಾಡಿಕೊಂಡು.

ಆಮೇಲೆ ಅವಳಿಗೆ ಹೊಳೆಯಿತು: ಆ ದಿನ ದಾರಿಯುದ್ದಕ್ಕೂ ಅವನು ಒಮ್ಮೆಯೂ "ಏನಂದಿ?" ಎಂದಿರಲಿಲ್ಲ. ಟೈರಿನ ಚಿಂತೆಯಲ್ಲಿದ್ದನೋ, ಎಲ್ಲವೂ ಕೇಳಿಸಿತ್ತೋ. ಮತ್ತೆ ಕೇಳೋಣವೆಂದರೆ ಆ ವಾರವೇ ಅವನು ಹೋದ. ಅವನು ಸತ್ತ ಮೇಲೆ ಬೇರೆಲ್ಲವೂ ಅವಳಿಗೆ ಮರಗಟ್ಟಿದ ಕೈಯಿಂದ ಮುಟ್ಟಿದ ಹಾಗಿತ್ತು. ಇದೊಂದು ಮಾತ್ರ ಚುಚ್ಚುತ್ತಿತ್ತು. ಆ ಮಾತು ಅವನಿಗೆ ಮುಟ್ಟಿತ್ತೋ ಇಲ್ಲವೋ ಎಂಬುದಿಷ್ಟು ತಿಳಿದರೆ ಸಾಕಿತ್ತು.

ಹಾಲು ಉಕ್ಕಿ ಸೀದ ವಾಸನೆ ಬಂತು. ಸಾವಿತ್ರೆವ್ವ ಒಲೆ ಆರಿಸಿ ಹೊರಗೆ ಬಂದಳು. ಗಾಲಿಯ ಮುಂದೆ ಕೂತ ಸೊಸೆಯನ್ನು ನೋಡಿದಳು.

"ಪ್ರತಾಪಂದು ಕೊಟ್ಟು ಬರೂಣು" ಎಂದಳು.

ಆ ಮನೆಯಲ್ಲಿ ಅದೊಂದು ಕಟ್ಟಳೆ. ಸತ್ತವರು ಇಸಿದುಕೊಂಡ ಸಾಮಾನು ಮನೆಯಲ್ಲಿ ಉಳಿಯಬಾರದು. ಅದೇ ಸಾಮಾನನ್ನು, ಮನೆಯವರೇ ಹೋಗಿ, ಕೈಯಾರೆ ಕೊಡಬೇಕು. ಬರಿದೇ ಕೊಡಲೂಬಾರದು, ಜೊತೆಗೆ ಏನಾದರೂ ಇಡಬೇಕು. ಪಕ್ಕದ ಮನೆಯ ನಿಚ್ಚಣಿಕೆಯನ್ನು ಜೋಳದ ಜೊತೆ ಕೊಟ್ಟಾಗಿತ್ತು. ಉಳಿದದ್ದು ಟ್ಯೂಬು. ಶಾಂಭವಿ ಹೊಸದನ್ನು ತಂದು ಕೊಟ್ಟರಾಯಿತು ಎಂದಳು. ಸಾವಿತ್ರೆವ್ವ ತಲೆ ಅಲ್ಲಾಡಿಸಿದಳು. ಪ್ರತಾಪ ದಿನಾ ಅಡವಿಯಲ್ಲಿ ತಿರುಗುವವನು, ಬೇರೆ ಟ್ಯೂಬು ತಂದುಕೊಂಡಿದ್ದಾನೋ ಇಲ್ಲವೋ, ಕೇಳಲು ಸಂಕೋಚಪಟ್ಟು ಸುಮ್ಮನಿದ್ದಾನೆ ಎಂದಳು.

"ಅದನ್ನ ತಗದ್ರ ಒಳಗಿನ ಗಾಳಿ ಹೊಕ್ಕೈತ್ರಿ, ಅತ್ತಿ."

"ಹೆಂಗೂ ಹೊಂಟೈತಲ್ಲ ಯವ್ವಾ. ನೀ ದಿನಾ ಮುಟ್ಟಿ ನೋಡೂದು ಅದನ್ನs ಅಲ್ಲೇನು?"

ಕ್ರಾಸಿನಲ್ಲಿ ಪಂಚರ್ ಅಂಗಡಿ ಇಟ್ಟ ಅಕ್ಬರಸಾಬ ಬಂದ. ಈರೇಶ ಬದುಕಿದ್ದಾಗ ದಾರಿಗೆ ಮುಳ್ಳು ಹಾಕುವವನು ನೀನೇ ಎಂದು ಅವನನ್ನು ರೇಗಿಸುತ್ತಿದ್ದ. ಇವತ್ತು ಅಕ್ಬರಸಾಬ ಬಂದವನೇ ಕೆಲಸಕ್ಕೆ ಕೂತ. ಗಾಲಿ ಬಿಚ್ಚಿ ನೆಲದ ಮೇಲಿಟ್ಟು, ವಾಲಿನ ಪಿನ್ನು ತೆಗೆಯಲು ಕೈ ಹಾಕಿದ. ತಾನೇ ತೆಗೆಯುತ್ತೇನೆ ಎಂದು ಶಾಂಭವಿ ಅವನ ಕೈಯಿಂದ ಪಿನ್ನಿನ ಚಾವಿ ಇಸಿದುಕೊಂಡಳು. ಪಿನ್ನು ಸಡಿಲಾದಾಗ ಗಾಳಿ ಅವಳ ಮಣಿಕಟ್ಟಿಗೆ ತಾಗಿತು. ತಂಪಾಗಿತ್ತು, ರಬ್ಬರಿನ ವಾಸನೆ ಇತ್ತು. ಬೇರೆ ಏನೂ ಇರಲಿಲ್ಲ.

ಅಕ್ಬರಸಾಬ ಟ್ಯೂಬು ಎಳೆದು ತೆಗೆದ. ಅದರ ಹೊಟ್ಟೆಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಅದನ್ನು ಹಿಂಡಿ ಸುತ್ತಲು ಹೊರಟವನನ್ನು ತಡೆದು ಅವಳು ಪಿನ್ನನ್ನು ತಿರುಗಿ ಹಾಕಿ ವಾಲಿನ ಟೊಪ್ಪಿಗೆ ಬಿಗಿದಳು.

"ಹಿಂಗ ಕೊಟ್ರ ಉಬ್ಬಿರ್ತೈತಿ, ತಂಗೆವ್ವ."

"ಬರೀದ ಕೊಡಬಾರ್ದು, ಕಾಕಾ."

ಸಾವಿತ್ರೆವ್ವ ಕೇಳಿಸಿಕೊಂಡಳು. ಅಷ್ಟು ಸಾಲದು ಎಂಬಂತೆ ಒಳಗೆ ಹೋಗಿ ಒಂದು ಹೆಂಟೆ ಬೆಲ್ಲ ತಂದಳು. ಟ್ಯೂಬನ್ನೂ ಬೆಲ್ಲವನ್ನೂ ಒಂದೇ ಟವಲಿನಲ್ಲಿ ಕಟ್ಟಿದರು.

ಶಾಂಭವಿಯ ಸ್ಕೂಟಿಯ ಮೇಲೆ ಹೊರಟರು. ಮನೆಯಲ್ಲಿದ್ದದ್ದು ಎರಡು ಹೆಲ್ಮೆಟ್ಟು. ಸೊಸೆಯದನ್ನು ಸಾವಿತ್ರೆವ್ವ ಸೆರಗಿನ ಮೇಲೆಯೇ ಹಾಕಿಕೊಂಡು, ಕೊಡ ಬೋರಲು ಹಾಕಿದ ಹಾಗಿದೆ ಎಂದು ಬೈದಳು. ಈರೇಶನದು ಶಾಂಭವಿಗೆ ಬಂತು. ಅವಳು ಅದನ್ನು ಗೂಟದಿಂದ ತೆಗೆದು ಒಮ್ಮೆ ಮೂಸಿ ನೋಡಿ, ತಲೆಗೆ ಹಾಕಿಕೊಂಡು, ಕೌದಿಯ ಪಟ್ಟಿಯನ್ನು ಗದ್ದದ ಕೆಳಗೆ ಎಳೆದು ಕಟ್ಟಿಕೊಂಡಳು.

ಹುಬ್ಬಳ್ಳಿ ದಾಟುವವರೆಗೂ ಹಿಂದಿನಿಂದ ಒಂದು ಮಾತಿಲ್ಲ. ಮಗ ಹೋದಂದಿನಿಂದ ಸಾವಿತ್ರೆವ್ವ ಕೆಲಸದ ಮಾತು ಬಿಟ್ಟು ಬೇರೆ ಆಡಿದವಳಲ್ಲ. ಕಲಘಟಗಿಯ ದಾರಿ ಹಿಡಿದ ಮೇಲೆ ಲಾರಿಗಳು ಕಡಿಮೆಯಾದವು. ಶಾಂಭವಿ ಓಟ ಹೆಚ್ಚಿಸಿದಳು. ಮೀಟರಿನ ಮುಳ್ಳು ಐವತ್ತಕ್ಕೆ ಬಂತು. ಆಗ ಬೆನ್ನ ಹಿಂದೆ ಮಾತು ಸುರುವಾಯಿತು. ಮೆಲ್ಲಗೆ, ಯಾರಿಗೂ ಅಲ್ಲ ಎಂಬಂತೆ.

"ನೋಡೋ ಈರ್ಯಾ, ನಿನ್ನ ಹೆಂಡ್ತಿ ಗಾಡಿ ಹೊಡಿಯೂದು. ನಿನಗಿಂತ ಛಲೋ ಹೊಡಿತಾಳ. ಐತವಾರ ಅವರಪ್ಪ ಬಂದು ಕರಕೊಂಡ ಹೊಕ್ಕಾನಂತ. ಬ್ಯಾಡ ಅನ್ನಾಕ ನಾ ಯಾರು, ಸಣ್ಣ ಹುಡುಗಿ, ಹೋಗ್ಲಿ. ಆದ್ರ ಮುಂಜಾನಿ ಆಕಿ ಎದ್ದು ಆ ಗಾಲಿ ಮುಟ್ಟಾಕ ಹೊಕ್ಕಾಳಲ್ಲೋ, ಆ ಬಾಗಲಾ ಸಪ್ಪಳಾ ಕೇಳಿ ನಾನೂ ಏಳ್ತೇನಿ. ಆಕಿ ಹ್ವಾದ ಮ್ಯಾಲ ನಾ ಯಾತಕ್ಕ ಏಳ್ಲಿ?"

ಒಂದೊಂದು ಮಾತೂ ಕೇಳಿಸಿತು. ಗಾಳಿ ಹೊರಗೆಲ್ಲೋ ದೂರದಲ್ಲಿ ಹಾಯುತ್ತಿತ್ತು. ಕೌದಿಯ ಪಟ್ಟಿಯೊಳಗೆ, ಮನೆಯ ಪಡಸಾಲೆಯಲ್ಲಿ ಕೂತು ಆಡಿದಷ್ಟು ಸ್ಪಷ್ಟವಾಗಿ ಅತ್ತೆಯ ದನಿ ಇತ್ತು. ಐವತ್ತರಲ್ಲಿ. ಇದೇ ಹೆಲ್ಮೆಟ್ಟಿನಲ್ಲಿ.

ಶಾಂಭವಿ "ಏನಂದ್ರಿ?" ಎನ್ನಲಿಲ್ಲ. ಆ ದಿನ ಅವನೂ ಅಂದಿರಲಿಲ್ಲ. ಕೇಳಿಸಿದೆ ಎಂದು ಗೊತ್ತಾದರೆ ಹಿಂದಿನ ಮಾತು ನಿಂತುಹೋಗುತ್ತದೆ. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು, ಕ್ರಾಸು ದಾಟಿ, ನೇರ ಹೋದದ್ದು ಕಣ್ಣಿಗೆ ಕಟ್ಟಿತು. ಹೆಲ್ಮೆಟ್ಟಿನ ಗಾಜು ಒಳಗಿನಿಂದ ಮಸುಕಾಗತೊಡಗಿತು. ಮಣ್ಣು ಮಾಡಿದ ದಿನ ಬಾರದ್ದು ಈಗ ಬಂದು ಕೌದಿಯ ಪಟ್ಟಿ ಒದ್ದೆಯಾಯಿತು. ಗಾಜು ಎತ್ತಿ ಒರೆಸಿಕೊಳ್ಳಬಹುದಿತ್ತು. ಎತ್ತಿದರೆ ಗಾಳಿ ನುಗ್ಗಿ ಅತ್ತೆಯ ದನಿಯನ್ನು ನುಂಗುತ್ತಿತ್ತು. ಓಟ ತಗ್ಗಿಸಿ, ರಸ್ತೆಯ ಎಡಗಡೆ ಹಿಡಿದು, ಕಂಡಷ್ಟು ದಾರಿಯನ್ನು ನೋಡುತ್ತ ಹೋದಳು.

ಪ್ರತಾಪನ ಮನೆಯ ಮುಂದೆ ಇಳಿದಾಗ ಸಾವಿತ್ರೆವ್ವ ಹೆಲ್ಮೆಟ್ ತೆಗೆದು ಸೆರಗು ಸರಿಮಾಡಿಕೊಂಡಳು. ಸೊಸೆಯ ಮುಖ ನೋಡಿ ಅನುಮಾನಗೊಂಡಳು.

"ಅದರಾಗ ಮಾತು ಕೇಳಸ್ತಾವೇನು?"

"ಏನೂ ಕೇಳಸಂಗಿಲ್ರಿ, ಅತ್ತಿ. ಬರೇ ಗಾಳಿ." ಶಾಂಭವಿ ಹೆಲ್ಮೆಟ್ಟನ್ನು ಸ್ಕೂಟಿಯ ಕನ್ನಡಿಗೆ ಸಿಗಿಸಿದಳು. ಆಮೇಲೆ, ಬೇರೆ ಏನನ್ನೋ ನೆನಪಿಸಿಕೊಂಡವಳಂತೆ, "ಐತವಾರ ನಮ್ಮಪ್ಪ ಬರ್ತಾನ. ಊಟಾ ಮಾಡಸಿ ಕಳಸೂಣು" ಎಂದಳು.

ಸಾವಿತ್ರೆವ್ವ ಸರಿಮಾಡಿಕೊಂಡ ಸೆರಗನ್ನೇ ಮತ್ತೊಮ್ಮೆ ಸರಿಮಾಡಿಕೊಂಡಳು. ಅಷ್ಟರಲ್ಲಿ ಪ್ರತಾಪ ಹೊರಗೆ ಬಂದ. ಇದಕ್ಕಾಗಿ ಅಷ್ಟು ದೂರ ಬರಬೇಕಿತ್ತೇ, ತಾನೇ ಬರುತ್ತಿದ್ದೆನಲ್ಲ ಎಂದು ಪೇಚಾಡಿದ. ಶಾಂಭವಿ ಟವಲು ಬಿಚ್ಚಿ ಬೆಲ್ಲವನ್ನೂ ಟ್ಯೂಬನ್ನೂ ಅವನ ಎರಡೂ ಕೈಯಲ್ಲಿಟ್ಟಳು. ಅವನು ರೂಢಿಯಂತೆ ಟ್ಯೂಬನ್ನು ಮಡಿಚಲು ಹೋಗಿ, ಉಬ್ಬಿದ್ದನ್ನು ಕಂಡು ನಿಂತ.

"ಗಾಳಿ ಉಳದೈತ್ರಿ ವೈನೀ. ಚೀಲದಾಗ ಕೂಡಂಗಿಲ್ಲ. ತಗೀಲೇನ್ರಿ?"

"ತಗೀರಿ" ಎಂದಳು ಶಾಂಭವಿ.

ಅವನು ಟೊಪ್ಪಿಗೆ ಬಿಚ್ಚಿ, ವಾಲಿನ ಪಿನ್ನನ್ನು ಬೆರಳಿನಿಂದ ಒತ್ತಿ, ಇನ್ನೊಂದು ಕೈಯಿಂದ ಹಿಂಡುತ್ತ ಬಂದ. ಸಣ್ಣ ಸದ್ದು. ಅದು ನಿಲ್ಲುವವರೆಗೂ ಅತ್ತೆ ಸೊಸೆ ಇಬ್ಬರೂ ಅಲ್ಲಿಯೇ ನಿಂತು ಕೇಳಿದರು. ಆಮೇಲೆ ಪ್ರತಾಪ ಟ್ಯೂಬನ್ನು ಸುತ್ತಿ, ತನ್ನ ಗಾಡಿಯ ಚೀಲದಲ್ಲಿಟ್ಟು, ಪಟ್ಟಿ ಬಿಗಿದ.