ಕಾರಿಗಾದ ಉಷ್ಣ

ಮನೋರಮಾಳ ಗಂಡ ಮಧುಸೂದನ ಐತಾಳರ ಪ್ರಕಾರ ಲೋಕದ ವಸ್ತುಗಳೆಲ್ಲ ಎರಡೇ ಜಾತಿ: ಒಂದು ಉಷ್ಣ, ಇನ್ನೊಂದು ತಂಪು. ಹಲಸು ಉಷ್ಣ, ಒಂದೆಲಗ ತಂಪು. ಹೆಂಡತಿ ಬಾಯಿ ತೆರೆದರೆ ಅದೂ ಉಷ್ಣವೇ. ಮದುವೆಯಾದ ಲಾಗಾಯ್ತು ಅವಳ ದೂರುಗಳಿಗೆಲ್ಲ ಅವರು ಕೊಟ್ಟ ಪರಿಹಾರ ಒಂದೇ, ಎರಡು ದಿನ ಮಜ್ಜಿಗೆಗೆ ಒಂದೆಲಗ ಅರೆದು ಹಾಕಿದ ತಂಬುಳಿ ಉಣ್ಣು ಎನ್ನುವುದು. ಅಡುಗೆಮನೆಯ ನಲ್ಲಿ ಸೋರುತ್ತದೆ ಎಂದರೂ ತಂಬುಳಿಯೇ. ನಲ್ಲಿ ಇವತ್ತಿಗೂ ಸೋರುತ್ತಿದೆ.

ಹೀಗಿರುವಾಗ ಸಾಲಿಗ್ರಾಮದ ಆ ಮನೆಯ ಹಳೆ ಪೆಟ್ರೋಲ್ ಕಾರು ಕಾಯತೊಡಗಿತು. ಸ್ವಲ್ಪ ದೂರ ಹೋಗಿ ಪೇಟೆಯ ನಡುವೆ ಸಿಕ್ಕಿಕೊಂಡರೆ ಸಾಕು, ಬಾನೆಟ್ಟಿನಿಂದ ಹಬೆ. ಎರಡು ವರ್ಷದ ಹಿಂದೆ, ಕಿರಿಮಂಜೇಶ್ವರದಲ್ಲಿರುವ ಮನೋರಮಾಳ ತಮ್ಮ ಶೈಲೇಶನ ಮಗಳ ನಾಮಕರಣಕ್ಕೆ ಹೊರಟಾಗ ಅದು ಹೆಮ್ಮಾಡಿಯಲ್ಲಿ ಕಾದು ಕೂತಿತ್ತು. ಇವರು ಮುಟ್ಟುವಷ್ಟರಲ್ಲಿ ಮಗುವಿಗೆ ಹೆಸರಿಟ್ಟು ಎಲೆಯೂ ಎತ್ತಿಯಾಗಿತ್ತು. ಸೋದರತ್ತೆಯಾಗಿ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಹಿಂದಿನ ಜಗಲಿಯಲ್ಲಿ ಒಬ್ಬಳೇ ಕೂತು ಉಂಡಳು. ಶೈಲೇಶನ ಹೆಂಡತಿಯ ಅಕ್ಕ ಕುಸುಮ ಹೆಸರು ಹೇಳಿದ್ದಳಂತೆ. ಬಹಳ ಚೆನ್ನಾಗಿ ಹೇಳಿದ್ದಳಂತೆ.

ಕೋಟದ ಗ್ಯಾರೇಜಿನ ಪ್ರೇಮಾನಂದ, ರೇಡಿಯೇಟರಿನ ಫ್ಯಾನು ತಿರುಗುವುದಿಲ್ಲ, ಬದಲಿಸಬೇಕು ಎಂದ. ಐತಾಳರಿಗೆ ನಗು ಬಂತು. ಹೊರಗಿನಿಂದ ಗಾಳಿ ಬೀಸಿದರೆ ಒಳಗಿನ ಉಷ್ಣ ಇಳಿಯುವುದುಂಟೆ? ಮದ್ದು ಹೊಟ್ಟೆಗೇ ಬೀಳಬೇಕು. ಸ್ಪಾರ್ಕ್ ಪ್ಲಗ್ಗುಗಳಲ್ಲೂ ಹಾಟ್ ಮತ್ತು ಕೋಲ್ಡ್ ಎಂಬ ಬಗೆಗಳಿವೆ ಎಂದು ಮೊಬೈಲಿನಲ್ಲಿ ಓದಿದ ದಿನ ಅವರಿಗಾದ ಖುಷಿ ಅಷ್ಟಿಷ್ಟಲ್ಲ. ಸಿಗುವುದರಲ್ಲಿ ಅತಿ ತಂಪಿನದ್ದನ್ನು ತರಿಸಿ ಹಾಕಿಸಿಬಿಟ್ಟರು.

ಪಾಪ, ಆ ಪ್ಲಗ್ಗಿನ ತಂಪೆಲ್ಲ ಅದರ ಮೂತಿಗೆ ಮಾತ್ರ. ಕಿಡಿ ಹಾರಿಸುವ ತನ್ನ ತುದಿಯ ಶಾಖವನ್ನು ಅದು ಬೇಗ ಇಂಜಿನ್ನಿಗೇ ದಾಟಿಸಿ ಕೈತೊಳೆದುಕೊಳ್ಳುತ್ತದೆ. ಇಂಜಿನ್ನಿನ ಬಿಸಿ ಇಳಿಸುವುದು ಅದರ ಕೆಲಸವೇ ಅಲ್ಲ. ಮೇಲಾಗಿ ತುದಿ ಸಾಕಷ್ಟು ಕಾಯದಿದ್ದರೆ ಅಲ್ಲಿ ಕೂತ ಮಸಿ ಸುಟ್ಟುಹೋಗುವುದಿಲ್ಲ, ಮಸಿ ದಪ್ಪವಾದರೆ ಕಿಡಿಯೇ ಹಾರುವುದಿಲ್ಲ. ಪ್ರೇಮಾನಂದ ಇಷ್ಟನ್ನೂ ಬಿಡಿಸಿ ಹೇಳಿದ. ಅವನಿಗೂ ಉಷ್ಣವಾಗಿದೆ ಎಂದುಕೊಂಡರು ಐತಾಳರು.

ಆಮೇಲೆ ತಿಂಗಳುಗಟ್ಟಲೆ ಕಾರು ದೇವಸ್ಥಾನಕ್ಕೂ ಅಂಗಡಿಗೂ ಮಾತ್ರ ಓಡಿತು. ಅಷ್ಟು ಹತ್ತಿರಕ್ಕೆ ಅದು ಮೊದಲೂ ಕಾದದ್ದಿಲ್ಲ. ಎಲ್ಲ ಪ್ಲಗ್ಗಿನ ಮಹಿಮೆ ಎಂದು ಅವರು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದರು.

ಆಗ ಬಂತು ಶೈಲೇಶನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಹಾಲುಕ್ಕಿಸುವುದು ಮನೆಮಗಳ ಹಕ್ಕು. ಮುಹೂರ್ತ ಯಾರಿಗೂ ಕಾಯುವುದಿಲ್ಲ, ಈ ಸಲ ಬೇಗ ಬಾ ಅಕ್ಕ ಎಂದು ತಮ್ಮ ಫೋನಿನಲ್ಲಿ ಅಂಗಲಾಚಿದ್ದ. ಬಸ್ಸಿಗೆ ಹೋಗೋಣ ಎಂದು ಮನೋರಮಾ ಕೇಳಿಕೊಂಡಳು. ತಂಪಾದ ಕಾರು ಮನೆಯಲ್ಲಿರುವಾಗ ಬಸ್ಸು ಯಾಕೆ ಎಂದರು ಐತಾಳರು. ಎಂದಿನಂತೆ ಅವಳೇ ಸೋತಳು.

ಕುಂದಾಪುರ ದಾಟುವಾಗ ಕಾರು ಬಿಕ್ಕಳಿಸತೊಡಗಿತು. ತಲ್ಲೂರಿನಲ್ಲಿ ನಿಂತೇ ಹೋಯಿತು. ಕೀಲಿ ತಿರುಗಿಸಿದರೆ ಗರಗರ ಎನ್ನುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಐತಾಳರು ಇಳಿದು ಬಾನೆಟ್ ಎತ್ತಿದರು. ಅವರ ಮುಖದಲ್ಲಿ ಗೆದ್ದವರ ಕಳೆ ಇತ್ತು.

"ಕಾಣ್, ಒಂಚೂರಾರೂ ಹಬೆ ಇತ್ತಾ?"

"ಕಾರ್ ಹೋತಿಲ್ಲೆ ಅಲ್ದಾ?" ಎಂದಳು ಮನೋರಮಾ.

"ಅದ್ ಬೇರೆ ವಿಷ್ಯ. ನೀ ಉಷ್ಣ ಮಾಡ್ಕಂಬ್ದ್ ಬ್ಯಾಡ."

ಮನೋರಮಾಳಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಭಯವೂ ಬಂತು. ಸ್ಟವ್ವಿನ ಪಕ್ಕ ಸೆರಗು ಸಿಕ್ಕಿಸಿ ನಿಂತಿರಬಹುದಾದ ಕುಸುಮ ಕಣ್ಣೆದುರು ಬಂದಳು. ಅಷ್ಟರಲ್ಲಿ ಕಿರಿಮಂಜೇಶ್ವರದ ಮೇಲೆ ಹೋಗುವ ಬೈಂದೂರಿನ ಬಸ್ಸು ಕಂಡಿತು. ಗಂಡನಿಲ್ಲದೆ ಅವಳು ಒಂದು ಊರಿಗೂ ಹೋದವಳಲ್ಲ, ಬಸ್ಸಿಗೆ ಕೈ ಅಡ್ಡ ಹಿಡಿದೂ ಗೊತ್ತಿಲ್ಲ. ಈಗ ಹಿಡಿದಳು. ಬಸ್ಸು ನಿಂತಿತು.

"ನಾ ಹೋತೆ. ನೀವ್ ತಂಪಗೆ ಕೂಕಣಿ," ಎಂದು ಹತ್ತಿಯೇಬಿಟ್ಟಳು.

ಕಿರಿಮಂಜೇಶ್ವರ ಮುಟ್ಟಿದಾಗ ಭಟ್ಟರು ಗಡಿಯಾರ ನೋಡುತ್ತಿದ್ದರು. ಕುಸುಮ ಲೈಟರ್ ಹಿಡಿದು ಸಿದ್ಧಳಾಗಿ ನಿಂತಿದ್ದಳು. ಮನೋರಮಾ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಒಲೆ ಹಚ್ಚಿದಳು. ಹಾಲು ಏರಿತು, ಉಕ್ಕಿತು, ಪಾತ್ರೆಯ ಮೈಮೇಲೆಲ್ಲ ಇಳಿದು ಸ್ಟವ್ವಿಗೆ ಹರಿಯಿತು. ಸಾಕು, ಉರಿ ಸಣ್ಣ ಮಾಡು ಎಂದರು ಹಿಂದಿದ್ದವರು. ಅವಳು ಮಾಡಲಿಲ್ಲ. ಎಷ್ಟೋ ವರ್ಷದ ಮೇಲೆ ತನ್ನದೊಂದು ಕೆಲಸ ತನ್ನ ಕೈಯಲ್ಲೇ ಆಯಿತೆಂದು ಅವಳಿಗೆ ಅಳು ಬಂತು, ಎಲ್ಲರೆದುರೂ ಅತ್ತಳು.

ಊಟದ ಹೊತ್ತಿಗೆ ಐತಾಳರು ರಿಕ್ಷಾದಲ್ಲಿ ಬಂದಿಳಿದರು. ಪಂಕ್ತಿಯಲ್ಲಿ ಕೂತು, ಸಾಲಿಗ್ರಾಮದಿಂದ ತಲ್ಲೂರಿನ ತನಕ ಒಂದು ಎಳೆ ಹಬೆ ಕಾಣಲಿಲ್ಲ ಎಂದು ಶುರು ಮಾಡಿದರು. ಕಾರು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅಕ್ಕಪಕ್ಕದ ಇಬ್ಬರು ಎಡಗೈಯಲ್ಲಿ ಮೊಬೈಲ್ ತೆಗೆದು ಪ್ಲಗ್ಗಿನ ನಂಬರ್ ಬರೆದುಕೊಂಡರು. ಶೈಲೇಶನೂ ತನ್ನ ಬೈಕಿಗೆ ಅದು ಆಗುತ್ತದೆಯೇ ಎಂದು ವಿಚಾರಿಸಿದ.

ಮನೋರಮಾ ಪಾಯಸ ಬಡಿಸುತ್ತ ಬಂದಳು. ಐತಾಳರು ತಲೆ ಎತ್ತಿದರು.

"ಪ್ರೇಮಾನಂದಂಗೆ ಬಪ್ಪುಕ್ ಹೇಳಿದೆ. ಸಂಜಿಗೆ ಕಾರಂಗೇ ಹೋಪ."

ಅವಳು ಅವರ ಎಲೆಗೆ ಎರಡು ಸೌಟು ಪಾಯಸ ಹಾಕಿದಳು.

"ನೀವ್ ಕಾರಂಗ್ ಬನ್ನಿ. ನಂಗ್ ಬಸ್ಸಿನ್ ದಾರಿ ಗೊತ್ತಾಯ್ತ್," ಎಂದು ಹೇಳಿ ಮುಂದಿನ ಎಲೆಗೆ ಬಗ್ಗಿದಳು.