ಹುಗ್ಗಿಗೆ ಬಿದ್ದ ನೈವೇದ್ಯ

ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ಎದ್ದ ಗಾಳಿಗೆ ಅಮೆರಿಕದ ರೆಡ್ಮಂಡ್‌ನಲ್ಲಿ ಉರುಳಿದ ಮರಗಳಿಗೆ ಲೆಕ್ಕವಿರಲಿಲ್ಲ. ಗುರುವಾರ ರಾತ್ರಿ ಹೋದ ಕರೆಂಟು ಶುಕ್ರವಾರ ಮಧ್ಯಾಹ್ನವಾದರೂ ಬರಲಿಲ್ಲ. ಅಶ್ವತ್ಥನಾರಾಯಣರ ಬೀದಿಯಲ್ಲಿ ಎಲ್ಲರದೂ ಕರೆಂಟಿನ ಒಲೆ, ಇವರ ಮನೆಯದು ಮಾತ್ರ ಗ್ಯಾಸು. ಉರಿ ಕಣ್ಣಿಗೆ ಕಾಣದ ಒಲೆಯ ಮೇಲೆ ಒಗ್ಗರಣೆ ಹಾಕುವುದು ತನ್ನಿಂದಾಗದು ಎಂದು ಹೆಂಡತಿ ವಿಜಯಾ ಮನೆ ಕೊಂಡ ವರ್ಷವೇ ಹಟ ಹಿಡಿದು ಹಾಕಿಸಿಕೊಂಡಿದ್ದರು. ಚಳಿ ಕಾಯಿಸುವ ಬೆಂಕಿಗೂಡೂ ಗ್ಯಾಸಿನದೇ.

ಹೀಗಾಗಿ ವಿಜಯಾ ಗಂಡನನ್ನು ಒಂದು ಮಾತೂ ಕೇಳದೆ ನೆರೆಯ ಮೂವರನ್ನು ಮನೆಗೆ ಕರೆತಂದರು. ಎದುರುಮನೆಯ ಇಂಗ್ರಿಡ್, ಎಪ್ಪತ್ತು ದಾಟಿದ ನಿವೃತ್ತ ಟೀಚರು, ಲೂಥರನ್ ಚರ್ಚಿನಲ್ಲಿ ಹಾಡುವಾಕೆ. ಎಡಗಡೆಯ ರೂಬೆನ್, ಔಷಧದ ಅಂಗಡಿ ನಡೆಸಿ ಈಗ ಸುಮ್ಮನಿರುವ ಯಹೂದಿ. ಬರುವಾಗ ತಮ್ಮ ಹನುಕಾ ಹಬ್ಬದ ದೀಪವನ್ನೂ ಕಂಕುಳಲ್ಲಿ ಇರುಕಿಕೊಂಡು ಬಂದರು. ಮೂರನೆಯವನು ಯೂಸುಫ್, ಸೊಮಾಲಿಯಾದವನು, ಬೆಲ್ವ್ಯೂನಿಂದ ಸಿಯಾಟಲ್‌ಗೆ ಬಸ್ಸು ಓಡಿಸುವವನು. ಹೆಂಡತಿ ಮಕ್ಕಳು ನೆಂಟರ ಮದುವೆಗೆ ಹೋಗಿದ್ದರಿಂದ ಒಬ್ಬನೇ ಇದ್ದ. ಮೂವರಿಗೂ ನಡುಮನೆಯಲ್ಲಿ ಬೆಂಕಿಗೂಡಿನ ಮುಂದೆ ಹಾಸಿಗೆಯಾಯಿತು.

ಅತಿಥಿಗಳು ಬಂದದ್ದಕ್ಕೆ ಅಶ್ವತ್ಥನಾರಾಯಣರಿಗೆ ಬೇಸರವೇನೂ ಇರಲಿಲ್ಲ. ಅವರ ಚಿಂತೆಯೇ ಬೇರೆ. ಮಾರನೆಯ ದಿನದಿಂದ ಧನುರ್ಮಾಸ. ವಿಮಾನದ ರೆಕ್ಕೆ ಎಷ್ಟು ಬಗ್ಗಿದರೆ ಮುರಿಯುತ್ತದೆ ಎಂದು ಪರೀಕ್ಷಿಸುವ ಎಂಜಿನಿಯರು ಅವರು. ರೆಕ್ಕೆ ಬಗ್ಗಿದರೂ ತಾವು ಬಗ್ಗುವವರಲ್ಲ. ಇಪ್ಪತ್ತೆರಡು ವರ್ಷದಿಂದ ಧನುರ್ಮಾಸದಲ್ಲಿ ಹೊತ್ತು ಮೂಡುವ ಮೊದಲೇ ದೇವರನ್ನು ಎಬ್ಬಿಸಿ, ಹುಗ್ಗಿ ನೈವೇದ್ಯ ಮಾಡುವುದನ್ನು ತಪ್ಪಿಸಿದವರಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಕಾಫಿ ಕೂಡ ಇಲ್ಲ.

ಶನಿವಾರ ಬೆಳಿಗ್ಗೆ ಆರೂಕಾಲಿಗೆ ಅವರು ಮಡಿಯುಟ್ಟು ನಡುಮನೆಗೆ ಬಂದರು. ದೇವರ ಮಂಟಪ ಇದ್ದದ್ದು ರೂಬೆನ್ ಮಲಗಿದ್ದ ಸೋಫಾದ ತಲೆದೆಸೆಯಲ್ಲಿ. ದೇವರನ್ನು ಎಬ್ಬಿಸಿದರೆ ರೂಬೆನ್ ಏಳುತ್ತಾರೆ, ರೂಬೆನ್ನರನ್ನು ಮಲಗಲು ಬಿಟ್ಟರೆ ದೇವರೂ ಮಲಗಿರಬೇಕಾಗುತ್ತದೆ. ಯೋಚಿಸಿ, ಗಂಟೆಯ ನಾಲಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಸುಪ್ರಭಾತವನ್ನು ಪಿಸುದನಿಯಲ್ಲಿ ಶುರುಮಾಡಿದರು.

ಕಿಟಕಿಯ ಪಕ್ಕದಲ್ಲಿ ನಮಾಜು ಮುಗಿಸಿ ಕೂತಿದ್ದ ಯೂಸುಫ್ ಅಷ್ಟೇ ಮೆಲ್ಲಗೆ ಕೇಳಿದ: "ಯಾರನ್ನ ಎಬ್ಬಿಸ್ತಿದೀರಾ?"

"ದೇವರನ್ನ."

"ದೇವರು ಮಲಗ್ತಾನಾ?" ಯೂಸುಫ್‌ಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನಮ್ಮವನು ತೂಕಡಿಸೋದೂ ಇಲ್ಲ."

"ಅವನಿಗೆ ನಿದ್ದೆ ಬೇಕು ಅಂತಲ್ಲಪ್ಪ. ಎಬ್ಬಿಸೋ ಭಾಗ್ಯ ನಮಗೆ ಬೇಕು." ಹೇಳಿದ ಮೇಲೆ ಅಶ್ವತ್ಥನಾರಾಯಣರಿಗೇ ಆ ಮಾತು ಹಿಡಿಸಿತು. ಎಲ್ಲಿಂದ ಬಂತೋ, ಪರವಾಗಿಲ್ಲವಲ್ಲ ಅನ್ನಿಸಿತು.

ಕಂಬಳಿಯ ಒಳಗಿನಿಂದ ರೂಬೆನ್ ದನಿ ಬಂತು. "ನಮ್ಮವನು ಆರು ದಿನ ದುಡಿದು ಏಳನೇ ದಿನ ಸುಮ್ಮನಿದ್ದ. ಇವತ್ತು ಆ ಏಳನೇ ದಿನ. ನಿಮ್ಮವನು ಸ್ವಲ್ಪ ಅವನನ್ನ ನೋಡಿ ಕಲೀಬಾರದಾ?"

ಇಂಗ್ರಿಡ್ ಆಗಲೇ ಎದ್ದು ಕೂತಿದ್ದರು. "ಯೇಸು ದೋಣೀಲಿ ಗಾಢ ನಿದ್ದೆ ಹೋಗಿದ್ದ. ಇಂಥದೇ ಬಿರುಗಾಳಿ. ಶಿಷ್ಯರು ಹೆದರಿ ಎಬ್ಬಿಸಿದ್ರು. ಅವನು ಎದ್ದು ಗಾಳೀನ ಗದರಿಸಿದ, ಗಾಳಿ ನಿಂತೋಯ್ತು."

"ನೋಡಿದ್ರಾ! ಎಬ್ಬಿಸಿದ್ದಕ್ಕೆ ಪ್ರಯೋಜನ ಆಯ್ತಲ್ಲ!" ಎಂದು ಅಶ್ವತ್ಥನಾರಾಯಣರು ಗಂಟೆಯ ನಾಲಗೆ ಬಿಟ್ಟು, ಎಂದಿನ ಎತ್ತರದ ಸ್ವರಕ್ಕೆ ಏರಿದರು.

ಅಷ್ಟರಲ್ಲಿ ಮೆಣಸು ಜೀರಿಗೆ ತುಪ್ಪದಲ್ಲಿ ಸಿಡಿದ ಘಮ ಅಡುಗೆಮನೆಯಿಂದ ತೇಲಿ ಬಂತು. ಹಿಂದಿನ ರಾತ್ರಿ ಹಾಸಿಗೆ ಹೊಂದಿಸುವ ಗಡಿಬಿಡಿಯಲ್ಲಿ ಎಲ್ಲರೂ ಬ್ರೆಡ್ಡು ತಿಂದು ಮಲಗಿದ್ದರು. ವಿಜಯಾ ಬಾಗಿಲಲ್ಲಿ ನಿಂತು, "ಇನ್ನೈದೇ ನಿಮಿಷ, ದೇವರಿಗೆ ತೋರಿಸಿದ ತಕ್ಷಣ ಎಲ್ಲರಿಗೂ ಬಡಿಸ್ತೀನಿ" ಎಂದರು.

ಯೂಸುಫ್ ತಲೆ ತಗ್ಗಿಸಿದ. "ತಪ್ಪು ತಿಳೀಬೇಡಿ. ಬೇರೆ ದೇವರಿಗೆ ಇಟ್ಟದ್ದನ್ನ ನಾನು ತಿನ್ನೋ ಹಾಗಿಲ್ಲ."

"ನಾನೂ ಅಷ್ಟೇ" ಎಂದರು ರೂಬೆನ್, ಅವನಿಗಿಂತ ಹೆಚ್ಚು ಬೇಸರದಿಂದ. ಅವರ ಕಣ್ಣು ಅಡುಗೆಮನೆಯ ಕಡೆಗೇ ಇತ್ತು.

ಅಶ್ವತ್ಥನಾರಾಯಣರು ಸಂಕಟಕ್ಕೆ ಸಿಕ್ಕಿಕೊಂಡರು. ದೇವರಿಗೆ ತೋರಿಸದೆ ಈ ಮನೆಯಲ್ಲಿ ಬಡಿಸುವಂತಿಲ್ಲ. ತೋರಿಸಿದರೆ ಇಬ್ಬರು ಉಪವಾಸ. ಗಂಡನ ಮುಖ ನೋಡಿದ ವಿಜಯಾ ಕನ್ನಡದಲ್ಲಿ, "ಇದಕ್ಕೆ ಯಾಕ್ರೀ ಅಷ್ಟು ತಲೆ ಕೆಡಿಸ್ಕೊಳ್ತೀರಾ? ಬೆಳ್ಳಿ ಬಟ್ಟಲಿಗೆ ದೇವರದು ಬೇರೆ ತೆಗೀತೀನಿ. ಅದನ್ನಷ್ಟೇ ನೈವೇದ್ಯ ಮಾಡಿ. ಪಾತ್ರೇಲಿರೋದು ಇವರಿಗೆ. ಅವನು ಮೊದಲು ಉಂಡ ಹಾಗೂ ಆಯ್ತು, ಇವರು ಅವನ ಪಾಲು ಮುಟ್ಟದ ಹಾಗೂ ಆಯ್ತು" ಎಂದರು. ಇಂಗ್ಲಿಷಿನಲ್ಲಿ ವಿವರಿಸಿದಾಗ ರೂಬೆನ್ ಒಂದು ನಿಮಿಷ ಗಡ್ಡ ಕೆರೆದು, "ನನ್ನ ಹೊಟ್ಟೆ ಒಪ್ಪಿದೆ" ಎಂದರು. ಯೂಸುಫ್ ಕೂಡ ನಕ್ಕು ತಲೆಯಾಡಿಸಿದ.

ನೈವೇದ್ಯವಾಯಿತು. ಪರದೆ ಎಳೆದು, ದೇವರು ಉಣ್ಣಲೆಂದು ಎಲ್ಲರೂ ಕಾದರು. "ಎಷ್ಟು ಹೊತ್ತು ತಗೋತಾನೆ?" ಎಂದು ಇಂಗ್ರಿಡ್ ಕೇಳಿದರು. ಮಂಗಳಾರತಿ ಮುಗಿಯಿತು. ಅಶ್ವತ್ಥನಾರಾಯಣರು ಬಟ್ಟಲು ಹಿಡಿದು ಅಡುಗೆಮನೆಗೆ ಹೋದರು. ಇಪ್ಪತ್ತೆರಡು ವರ್ಷದಿಂದ ಏನು ಮಾಡುತ್ತಿದ್ದರೋ ಅದನ್ನೇ ಅವರ ಕೈ ತಾನಾಗಿ ಮಾಡಿತು: ಎಲ್ಲವೂ ಪ್ರಸಾದವಾಗಲಿ ಎಂದು ಬಟ್ಟಲಿನ ಹುಗ್ಗಿಯನ್ನು ಪಾತ್ರೆಗೆ ಸುರಿದು, ಸೌಟಿನಿಂದ ಚೆನ್ನಾಗಿ ಕಲಸಿತು.

"ಅಯ್ಯೋ, ಏನ್ ಮಾಡಿದ್ರೀ!" ಎಂದರು ವಿಜಯಾ.

ಸೌಟು ಅಲ್ಲೇ ನಿಂತಿತು. ಅಶ್ವತ್ಥನಾರಾಯಣರ ಕಿವಿ ಬಿಸಿಯಾಯಿತು. ಬೇಕೆಂದೇ ಮಾಡಿದೆನೆಂದು ಯೂಸುಫ್ ತಿಳಿದರೆ? ಹಸಿದವರನ್ನು ಮನೆಯಲ್ಲಿ ಕೂರಿಸಿಕೊಂಡು ಇದೆಂಥ ಪೂಜೆ? ಇನ್ನೊಂದು ಪಾತ್ರೆ ಮಾಡೋಣವೆಂದರೆ ಹೆಸರುಬೇಳೆ ಡಬ್ಬದ ತಳ ಕಂಡಿತ್ತು. ಅವರು ಹೊರಬಂದು, ಮೀಟಿಂಗಿನಲ್ಲಿ ತಪ್ಪು ಒಪ್ಪಿಕೊಳ್ಳುವವರ ಹಾಗೆ ನಿಂತು ನಡೆದದ್ದನ್ನು ಹೇಳಿದರು.

ರೂಬೆನ್ನರ ಮುಖ ಅರಳಿತು. ತಿನ್ನಲು ಸಿಗದಿದ್ದರೂ ವಾದಕ್ಕೆ ಸಿಕ್ಕಿತಲ್ಲ! "ನಮ್ಮಲ್ಲಿ ಬೇಡದ್ದೊಂದು ಬಿದ್ದರೂ ಅರವತ್ತು ಪಟ್ಟು ಒಳ್ಳೇದಿದ್ದರೆ ಅದು ಇಲ್ಲದ ಹಾಗೇ. ಆದರೆ ವಿಗ್ರಹಕ್ಕೆ ಇಟ್ಟದ್ದಕ್ಕೆ ಆ ರಿಯಾಯಿತಿ ಇಲ್ಲ. ಒಂದು ಅಗಳು ಸಾಕು."

"ನಮ್ಮಲ್ಲೂ ಹಾಗೇ ಒಂದಗಳು ಸಾಕು, ಇಡೀ ಪಾತ್ರೆ ಪವಿತ್ರ ಆಗೋಕೆ" ಎಂದರು ಅಶ್ವತ್ಥನಾರಾಯಣರು ಹುಳ್ಳಗೆ.

ಮೊದಲು ನಕ್ಕವನು ಯೂಸುಫ್. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಒಂದೇ ಅಗಳಿಗೆ ಅಷ್ಟು ಬಲ ಇದೆ ಅಂತ ಇಬ್ಬರೂ ಒಪ್ತೀರಲ್ಲ!" ಕೋಟು ಹಾಕಿಕೊಂಡು ತನ್ನ ಮನೆಗೆ ಓಡಿದವನು ಒಂದು ದೊಡ್ಡ ಬೋಗುಣಿ ಹೊತ್ತು ಬಂದ. ಒಳಗೆ ಹುಳಿ ಬಂದು ಉಬ್ಬಿದ ಹಿಟ್ಟು. "ಫ್ರಿಜ್ಜು ಸತ್ತಿದೆ. ಇವತ್ತು ಹುಯ್ಯದಿದ್ದರೆ ಹಾಳಾಗುತ್ತೆ. ನಿಮ್ಮ ಒಲೆ ಕೊಡ್ತೀರಾ?"

ವಿಜಯಾ ದೋಸೆ ಕಾವಲಿ ಇಟ್ಟರು. ಯೂಸುಫ್ ಹಿಟ್ಟು ಹುಯ್ದು, ಸೌಟಿನ ಬೆನ್ನಿನಿಂದ ಸುತ್ತ ಸುತ್ತ ಎಳೆದ. ಮೈತುಂಬ ತೂತು ಬಿಟ್ಟುಕೊಂಡು ಅದು ಮೇಲೆದ್ದಿತು.

"ಇದು ದೋಸೆ ಕಣ್ರೀ!" ಎಂದು ವಿಜಯಾ ಕೂಗಿದರು.

"ಕಾಂಜೀರೋ" ಎಂದು ಯೂಸುಫ್ ತಿದ್ದಿದ. ಅಶ್ವತ್ಥನಾರಾಯಣರು ಬಗ್ಗಿ ನೋಡಿ, "ಮೊಟ್ಟೆ?" ಎಂದರು. "ಇಲ್ಲ ಸರ್. ಹಿಟ್ಟು, ನೀರು, ಉಪ್ಪು, ಅಷ್ಟೇ."

ರೂಬೆನ್ ಮಾತ್ರ ದೂರದಿಂದಲೇ, "ಒಂದು ಪ್ರಶ್ನೆ. ಇದನ್ನ ನನಗೋಸ್ಕರ ಬೇಯಿಸ್ತಿದೀಯೋ, ನಿನಗೋಸ್ಕರವೋ? ಇವತ್ತು ನಮ್ಮ ವಿಶ್ರಾಂತಿ ದಿನ, ನನಗೋಸ್ಕರ ಯಾರೂ ಬೆಂಕಿ ಹಚ್ಚೋ ಹಾಗಿಲ್ಲ" ಎಂದರು.

"ನನಗೋಸ್ಕರ" ಎಂದ ಯೂಸುಫ್. "ಆದ್ರೆ ಹದಿನೈದು ಮಾಡ್ತೀನಿ. ನನಗೆ ಅಷ್ಟು ಸೇರಲ್ಲ."

ಎಲ್ಲರೂ ಮೇಜಿನ ಸುತ್ತ ಕೂತರು. ಅಶ್ವತ್ಥನಾರಾಯಣರು ಒಂದು ಚೂರು ಹುಗ್ಗಿಯನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟರು. ಇನ್ನೇನು ಕಾಂಜೀರೋ ಮುರಿಯಬೇಕು, ಯೂಸುಫ್ ದೇವರ ಹೆಸರು ಹೇಳಿದ. ರೂಬೆನ್ ಕಣ್ಣು ಮುಚ್ಚಿ ಹೀಬ್ರೂವಿನಲ್ಲಿ ಏನೋ ಗುನುಗಿದರು. ಇಂಗ್ರಿಡ್ ಕೈಮುಗಿದು ತಮ್ಮ ಹಿರಿಯರ ನಾರ್ವೆ ಭಾಷೆಯಲ್ಲಿ ಎರಡು ಸಾಲು ಹಾಡಿಯೇಬಿಟ್ಟರು.

ಅಶ್ವತ್ಥನಾರಾಯಣರ ಕೈ ತಟ್ಟೆಯ ಮೇಲೆ ತಡೆಯಿತು. ಈಗ ತಮ್ಮ ಸರದಿ ಬಂದಿತ್ತಲ್ಲ. ಮೂರು ದೇವರ ಹೆಸರು ಬಿದ್ದ ದೋಸೆ. ಇದನ್ನು ತಿನ್ನಬಹುದೇ ಎಂದು ಯಾವ ಶಾಸ್ತ್ರದಲ್ಲಿ ಹುಡುಕುವುದು? ಮೂವರೂ ತಿನ್ನದೆ ಅವರನ್ನೇ ನೋಡುತ್ತಿದ್ದರು. ಯೂಸುಫ್‌ನ ಮುಖದಲ್ಲಿ ನಗುವಿನ ಹಿಂದೆ ಒಂದಿಷ್ಟು ಅಳುಕೂ ಇತ್ತು. ನೈವೇದ್ಯ ಒಲ್ಲೆನೆಂದು ಅವನು ತಲೆ ತಗ್ಗಿಸಿದ್ದು ಎಷ್ಟು ಕಷ್ಟದಿಂದ ಎಂಬುದು ಅಶ್ವತ್ಥನಾರಾಯಣರಿಗೆ ಆಗ ತಿಳಿಯಿತು.

"ವಿಜಯಾ, ಚಟ್ನಿಪುಡಿ ಎಲ್ಲಿ? ಎಣ್ಣೆನೂ ತಾ" ಎಂದರು.

ಅವರು ನಾಲ್ಕು ತಿಂದರು. ಹುಗ್ಗಿಯನ್ನು ಇಂಗ್ರಿಡ್ ಎರಡು ಬಟ್ಟಲು ತಿಂದು, ತಮ್ಮ ಪಾದ್ರಿಗೆ ಯಾರೂ ಹೇಳಬಾರದೆಂದು ಮಾತು ತೆಗೆದುಕೊಂಡರು.

ಕರೆಂಟು ಬಂದದ್ದು ಮಂಗಳವಾರ. ಭಾನುವಾರ ಬೆಳಿಗ್ಗೆ ತಳದಲ್ಲಿದ್ದ ಒಂದು ಹಿಡಿ ಬೇಳೆಯಲ್ಲಿ ದೇವರ ಬಟ್ಟಲಿಗಾಗುವಷ್ಟೇ ಹುಗ್ಗಿಯಾಯಿತು. ಅಂದೇ ಬೇರೆ ಊರಿನ ಅಂಗಡಿಯಿಂದ ಬೇಳೆ ಬಂತು. ಸೋಮವಾರ ಬೆಳಿಗ್ಗೆ ವಿಜಯಾ ಮತ್ತೆ ಹುಗ್ಗಿ ಮಾಡಿ, ಮಂಗಳಾರತಿ ಮುಗಿದು ಎಲ್ಲರಿಗೂ ಬಡಿಸುವವರೆಗೆ ಪಾತ್ರೆಯ ಮುಂದೆ ಕಾವಲು ನಿಂತರು. ಯೂಸುಫ್ ಮತ್ತು ರೂಬೆನ್ ಪಾತ್ರೆಯದನ್ನು ಹೊಟ್ಟೆತುಂಬ ತಿಂದರು. ಪಾತ್ರೆಯದು, ದೇವರ ಬಟ್ಟಲಿನದು ಎರಡನ್ನೂ ಹಾಕಿಸಿಕೊಂಡವರು ಇಂಗ್ರಿಡ್ ಒಬ್ಬರೇ.

"ದೇವರು ಉಂಡದ್ದಕ್ಕೂ ಉಣ್ಣದ್ದಕ್ಕೂ ರುಚೀಲಿ ವ್ಯತ್ಯಾಸ ಇದೆಯಾ?" ಎಂದು ಯೂಸುಫ್ ಕುತೂಹಲದಿಂದ ಕೇಳಿದ.

ಇಂಗ್ರಿಡ್ ಎರಡನ್ನೂ ಮತ್ತೊಮ್ಮೆ ರುಚಿ ನೋಡಿ, ಪರೀಕ್ಷೆಯ ಪೇಪರು ತಿದ್ದುವ ಗಾಂಭೀರ್ಯದಲ್ಲಿ ಹೇಳಿದರು: "ಅವನು ಉಂಡದ್ದು ಸ್ವಲ್ಪ ಆರಿದೆ."

ಅಶ್ವತ್ಥನಾರಾಯಣರು ಎದ್ದು, ಅವರ ಬಟ್ಟಲಿಗೆ ಒಂದು ಚಮಚ ಬಿಸಿ ತುಪ್ಪ ಹಾಕಿದರು.