ತಿರುಗಿಸಿ ಇಟ್ಟ ರಸಮಟ್ಟ

ನಾನೊಂದು ರಸಮಟ್ಟ. ನೆಲ ಸಮವಾಗಿದೆಯೋ ಇಲ್ಲವೋ ಎಂದು ಗೌಂಡಿಗಳಿಗೆ ಹೇಳುವುದು ನನ್ನ ಕೆಲಸ. ತೇಗದ ಪಟ್ಟಿಯ ನಡುವೆ ಗಾಜಿನ ಕೊಳವೆ ಕೂರಿಸಿ, ಅದರೊಳಗೆ ಒಂದೇ ಒಂದು ಗಾಳಿಗುಳ್ಳೆ ಬಿಟ್ಟು ನನಗೆ ಜೀವ ಕೊಟ್ಟರು. ಗುಳ್ಳೆ ನಡುವೆ ನಿಂತರೆ ಜಗತ್ತು ಸರಿ, ಸರಿದರೆ ಜಗತ್ತು ಡೊಂಕು. ನಾನೇ ಡೊಂಕಾಗಬಹುದು ಎಂಬ ಯೋಚನೆ ನನ್ನ ಹತ್ತಿರ ಸುಳಿದಿರಲಿಲ್ಲ.

ಗದಗಿನ ಅಂಗಡಿಯಲ್ಲಿ ಗೌಂಡಿ ಫಕ್ಕೀರಪ್ಪ ನನ್ನನ್ನು ಕೊಂಡ. ಆಯುಧಪೂಜೆಯ ದಿನ ಕರಣಿ, ಸುತ್ತಿಗೆಗಳಿಗಿಂತ ಮೊದಲು ನನ್ನ ಒಂದು ಮಗ್ಗುಲಿಗೆ ವಿಭೂತಿ ಬಳಿದ, ಕುಂಕುಮ ಇಟ್ಟ. ಅಂದಿನಿಂದ ಆ ಮಗ್ಗುಲು ಸದಾ ಅವನ ಕಡೆಗೇ ಇರಬೇಕು. ದೇವರನ್ನು ಯಾರಾದರೂ ಬೆನ್ನು ತಿರುಗಿಸಿ ಇಡುತ್ತಾರೆಯೇ? ನನಗಂತೂ ಕೋಡು ಮೂಡಿತು.

ಒಮ್ಮೆ ಎತ್ತರದ ಗೋಡೆಯಿಂದ ಬಿದ್ದೆ. ಗಾಜು ಒಡೆಯಲಿಲ್ಲ, ಕೊಳವೆ ಮಾತ್ರ ಕೂದಲೆಳೆಯಷ್ಟು ವಾರೆಯಾಯಿತು. ಅದು ಅವನಿಗೂ ಕಾಣಲಿಲ್ಲ, ನನಗೂ ತಿಳಿಯಲಿಲ್ಲ. ಆಮೇಲೆ ಊರಿನವರ ಕೆಲಸವೆಲ್ಲ ನಮಗೆ ಡೊಂಕಾಗಿಯೇ ಕಂಡಿತು. "ಈಗಿನ ಗೌಂಡಿಗಳಿಗೆ ಕಣ್ಣ ಇಲ್ಲ" ಎನ್ನುತ್ತಿದ್ದ ಅವನು. ನಾನೂ ಹೌದೆನ್ನುತ್ತಿದ್ದೆ.

ಕೊನೆಗೆ ಫಕ್ಕೀರಪ್ಪನೂ ಗೌಂಡಿಯೇ ಆದ ಅವನ ತಮ್ಮನೂ ಸೇರಿ ತಮಗೇ ಒಂದು ಮನೆ ಕಟ್ಟಲು ನಿಂತರು. ತಮ್ಮ ಗೂಳಪ್ಪ ತನ್ನ ರಸಮಟ್ಟ ಹಿಡಿದು ಅಡುಗೆಮನೆಯಿಂದ ನೆಲ ಹಾಕುತ್ತ ಬಂದ, ಫಕ್ಕೀರಪ್ಪ ನನ್ನನ್ನು ಹಿಡಿದು ಪಡಸಾಲೆಯಿಂದ. ನಡುಬಾಗಿಲಲ್ಲಿ ಎರಡೂ ನೆಲ ಒಂದೇ ಮಟ್ಟಕ್ಕೆ ಬರಲೇ ಇಲ್ಲ.

"ಒಡಿ ನಿನ್ನ ನೆಲಾ" ಎಂದ ಅಣ್ಣ.

"ನಿಂದೂ ಒಂದ್ಸಲ ನೋಡೋ ಅಣ್ಣಾ."

"ನನ್ನ ರಸಮಟ್ಟ ಸುಳ್ಳ ಹೇಳತೈತೇನಲೇ?"

ಗೂಳಪ್ಪ ಕರಣಿ ಕೆಳಗಿಟ್ಟ. "ಹಂಗಾದ್ರ ಈ ಬಾಗಲದಾಗ ಗ್ವಾಡಿ ಕಟ್ಟಿಬಿಡು. ನೀ ಆ ಕಡೆ, ನಾ ಈ ಕಡೆ."

ಫಕ್ಕೀರಪ್ಪನೂ ಹಟಕ್ಕೆ ಬಿದ್ದು ಇಟ್ಟಿಗೆ ತರಿಸಿದ. ಒಂದು ಮನೆ ಎರಡಾಗುವುದರಲ್ಲಿತ್ತು. ಅವನ ಹೆಂಡತಿ ನೀಲವ್ವ, ಕಣ್ಣೀರು ಒರೆಸಿಕೊಂಡ ಸೆರಗಿನಿಂದಲೇ ನನ್ನ ಮೈಗಂಟಿದ ಸಿಮೆಂಟನ್ನೂ ಒರೆಸಿ, ಅವನ ನೆಲದ ಮೇಲೆ ಮೊದಲಿದ್ದಲ್ಲೇ ಇಟ್ಟಳು. ಅವಸರದಲ್ಲಿ ಕುಂಕುಮದ ಮಗ್ಗುಲು ಆಚೆಗಾಯಿತು. ನಡುವೆ ಇದ್ದ ಗುಳ್ಳೆ ಓಡಿ ಮೂಲೆ ಸೇರಿತು.

"ಇಲ್ನೋಡ್ರಿ. ಆಗ ನಡುವ ಇತ್ತು, ಈಗ ಮೂಲಿಗೆ ಹೋತು. ನೆಲಾ ತಿರುಗಿತೇನು?"

ಫಕ್ಕೀರಪ್ಪ ನನ್ನನ್ನು ಹಾಗಿಟ್ಟ, ಹೀಗಿಟ್ಟ. ಸರಿಯಾದ ರಸಮಟ್ಟವನ್ನು ಹೇಗೆ ತಿರುಗಿಸಿ ಇಟ್ಟರೂ ಗುಳ್ಳೆ ಒಂದೇ ಕಡೆ ನಿಲ್ಲಬೇಕು, ನನ್ನದು ಪ್ರತಿಸಲವೂ ಜಾಗ ಬದಲಿಸಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಸುತ್ತಿಗೆ ಎತ್ತಿ ತನ್ನದೇ ನೆಲಕ್ಕೆ ಹೊಡೆದ. "ತಮ್ಮಾ, ನಿನ್ನ ಮಟ್ಟ ತಗೊಂಡ ಬಾ" ಎಂದ. ಗೂಳಪ್ಪ ಮಟ್ಟದ ಜೊತೆಗೆ ಇನ್ನೊಂದು ಸುತ್ತಿಗೆಯನ್ನೂ ತಂದ.

ತಂದ ಇಟ್ಟಿಗೆಗಳು ಅಂಗಳದಲ್ಲಿ ಕೂರುವ ಕಟ್ಟೆಯಾದವು.

ಈಗ ನಾನು ಅದೇ ನಡುಬಾಗಿಲ ಪಕ್ಕ ಮೊಳೆಗೆ ನೇತಾಡುತ್ತೇನೆ. ಕೆಲಸವಿಲ್ಲ, ಬೇಸರವೂ ಇಲ್ಲ. ಹಬ್ಬಕ್ಕೆ ಎರಡೂ ಮಗ್ಗುಲಿಗೆ ಕುಂಕುಮ ಬೀಳುತ್ತದೆ. ವಾರೆ ಇದ್ದೇನೆ ಎಂದು ತಿಳಿದ ಮೇಲೆ ಜಗತ್ತು ಎಷ್ಟೋ ನೆಟ್ಟಗೆ ಕಾಣುತ್ತಿದೆ, ಮನಸ್ಸೂ ಹಗುರಾಗಿದೆ.

ಫಕ್ಕೀರಪ್ಪ ಈಗಲೂ ಒಮ್ಮೊಮ್ಮೆ ಯಾರನ್ನೋ ತಪ್ಪೆಂದು ಕೂಗಾಡುತ್ತಾನೆ. ಆಗ ನೀಲವ್ವ ಎದ್ದು ಬಂದು ಮೊಳೆಯ ಮೇಲೆ ನನ್ನನ್ನು ತಿರುಗಿಸಿ ಹಾಕುತ್ತಾಳೆ. ಅವನು ಅರ್ಧ ಮಾತಿಗೇ ನಿಂತು, ನಕ್ಕು, "ತಡಿ, ಇನ್ನೊಮ್ಮೆ ನೋಡ್ತೇನಿ" ಎನ್ನುತ್ತಾನೆ.